ಮೈಕಲ್ ಬೂಬ್ಲೆಯ ‘ಇಟ್ಸ್ ಟೈಮ್’: ಹಳೇ ಹಾಡನ್ನು ಮತ್ತೆ ಹಾಡಿದರೆ ಅದು ಕಾಪಿನಾ?

ಟೇಪ್‌ರೆಕಾರ್ಡರ್:
ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಅಪ್ಪನ ಜೊತೆ ಒಂದು ಸಣ್ಣ ವಾದ ಆಯಿತು. ಅದು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅವರೆಕಾಯಿ ಬಿಡಿಸುತ್ತಾ ಕೆನಡಾದ ಗಾಯಕ ಮೈಕಲ್ ಬೂಬ್ಲೆಯ ‘ಇಟ್ಸ್ ಟೈಮ್’ ಹಾಕಿದ್ದೆ. 2005ರ ಫೆಬ್ರುವರಿಯಲ್ಲಿ ಬಂದ ಆಲ್ಬಂ. ಹಾಸ್ಟೆಲಿನಲ್ಲಿದ್ದಾಗ ರೂಮ್‌ಮೇಟ್ ಹತ್ತಿರ ಇದರ ಸಿಡಿ ಇತ್ತು. ಪರೀಕ್ಷೆ ಮುಗಿದ ರಾತ್ರಿ ಲೈಟ್ ಆರಿಸಿ ಪೂರ್ತಿ ಕೇಳುತ್ತಿದ್ದೆವು. ಇಂಗ್ಲಿಷ್ ಹಾಡು ಅಂದರೆ ಬರೀ ಅಬ್ಬರ ಅಂದುಕೊಂಡಿದ್ದವಳು ನಾನು. ಒಬ್ಬ ಮನುಷ್ಯ ಇಷ್ಟು ಹತ್ತಿರ ಕೂತ ಹಾಗೆ ಹಾಡಬಹುದು ಅಂತ ಗೊತ್ತಾಗಿದ್ದು ಆಗಲೇ.

ಅಪ್ಪ ಎರಡು ಮೂರು ಹಾಡು ಕೇಳಿಸಿಕೊಂಡು, ಇದೆಲ್ಲ ಯಾರು ಬರೆದಿದ್ದು ಅಂತ ಕೇಳಿದರು. ಹೇಳಿದೆ. “ಹದಿಮೂರರಲ್ಲಿ ಹನ್ನೆರಡು ಬೇರೆಯವರ ಹಾಡು. ಮತ್ತೆ ಇವನದ್ದು ಅಂತ ಏನಿದೆ? ಗಣಪತಿ ಪೆಂಡಾಲಲ್ಲಿ ಆರ್ಕೆಸ್ಟ್ರಾದವರು ಪಿ.ಬಿ.ಎಸ್ ಹಾಡು ಹಾಡಲ್ವಾ, ಹಾಗೇ ತಾನೇ?” ಅಂದರು. ಅಪ್ಪನಿಗೆ ಪಿ.ಬಿ.ಎಸ್ ಅಂದರೆ ಇಷ್ಟ.

ಲೆಕ್ಕ ಸರಿ. ‘ಹೋಮ್’ ಒಂದೇ ಅವನು ಇನ್ನಿಬ್ಬರ ಜೊತೆ ಸೇರಿ ಬರೆದ ಹಾಡು. ಉಳಿದದ್ದೆಲ್ಲ 1930ರ ದಶಕದಿಂದ 70ರ ದಶಕದವರೆಗಿನದ್ದು. ಆದರೂ ನನಗೆ ಇದು ಆರ್ಕೆಸ್ಟ್ರಾ ಹಾಡಿನ ಥರ ಅನ್ನಿಸಲ್ಲ. ಯಾಕೆ ಅಂತ ಅಪ್ಪನಿಗೆ ಹೇಳಲು ಮಾತು ಸಿಗಲಿಲ್ಲ. ತಿಳಿದವರು ಹೇಳಿ.

ಹಳೇ_ರೇಡಿಯೋ:
ಮೇಡಂ, ನಿಮ್ಮ ತಂದೆಯವರ ಮಾತಿನಲ್ಲಿ ಹುರುಳಿದೆ. ನಾನು ಮೈಸೂರಿನವನು, ಅರವತ್ತು ದಾಟಿದೆ. ಅಮೆರಿಕದ ಗಾಯಕ ಫ್ರಾಂಕ್ ಸಿನಾಟ್ರಾ ಹಾಡುಗಳನ್ನು ನಮ್ಮ ಮಾವ ಗ್ರಾಮಫೋನಿನಲ್ಲಿ ಹಾಕುತ್ತಿದ್ದ ಕಾಲದಿಂದ ಕೇಳಿದ್ದೇನೆ.

ಈ ಆಲ್ಬಂನಲ್ಲಿ ‘ಐವ್ ಗಾಟ್ ಯು ಅಂಡರ್ ಮೈ ಸ್ಕಿನ್’ ಇದೆಯಲ್ಲ, ಅದು ಕೋಲ್ ಪೋರ್ಟರ್ 1936ರಲ್ಲಿ ಸಿನಿಮಾಗೆ ಬರೆದದ್ದು. ಸಿನಾಟ್ರಾ ಅದನ್ನು ರೆಕಾರ್ಡ್ ಮಾಡಿದ್ದು 1956ರ ಜನವರಿಯಲ್ಲಿ. ವಾದ್ಯಸಂಯೋಜನೆ ನೆಲ್ಸನ್ ರಿಡಲ್. ಅದರ ನಡುವೆ ವಾದ್ಯಗಳು ಒಂದೊಂದಾಗಿ ಸೇರಿಕೊಳ್ಳುತ್ತಾ ಹೋಗುತ್ತವೆ. ಹಾಲು ಉಕ್ಕುವ ಮೊದಲು ಪಾತ್ರೆಯಲ್ಲಿ ಮೇಲೇರುತ್ತದಲ್ಲ, ಹಾಗೆ. ತುದಿಗೆ ಬಂದಾಗ ಮಿಲ್ಟ್ ಬರ್ನ್‌ಹಾರ್ಟ್‌ನ ಟ್ರಾಂಬೋನ್ ಸಿಡಿಯುತ್ತದೆ. ಆ ಒಂದು ಸೋಲೋಗೆ ಟೇಕ್ ಮೇಲೆ ಟೇಕ್ ತೆಗೆದುಕೊಂಡರಂತೆ. ಮೈಕ್ ಎತ್ತರದಲ್ಲಿದ್ದ ಕಾರಣ ಬರ್ನ್‌ಹಾರ್ಟ್ ಪೆಟ್ಟಿಗೆಯ ಮೇಲೆ ನಿಂತು ನುಡಿಸಬೇಕಾಯಿತು. ಅಷ್ಟು ಟೇಕ್ ಆದಮೇಲೆ ಉಳಿದ ಉಸಿರಿನಲ್ಲಿ ನುಡಿಸಿದ್ದು ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ.

ಅಂಥದ್ದೊಂದು ಇರುವಾಗ ಅದೇ ಹಾಡನ್ನು ಇನ್ನೊಬ್ಬ ಯಾಕೆ ಹಾಡಬೇಕು? ಬೂಬ್ಲೆಯ ಗಂಟಲು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಕೇಳಿದಾಗಲೆಲ್ಲ ನನಗೆ ಸಿನಾಟ್ರಾ ನೆನಪಾಗುತ್ತಾರೆ.

ತಂಬೂರಿ_ತಂತಿ:
ಸರ್, ಗೌರವದಿಂದಲೇ ಒಂದು ಮಾತು. ನಾನು ಹಾಸನದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಪುರಂದರದಾಸರದ್ದು. ನಮ್ಮಲ್ಲಿ ಕರ್ನಾಟಕ ಸಂಗೀತದವರು ಹಾಡುವ ರೀತಿ ಒಂದು. ಭೀಮಸೇನ ಜೋಶಿಯವರು ಹಾಡಿದ್ದೇ ಬೇರೆ. ಜೋಶಿಯವರು ಕಾಪಿ ಮಾಡಿದರು ಅಂತ ಯಾರಾದರೂ ಅಂದಿದ್ದಾರಾ? ಶುಕ್ರವಾರ ನಮ್ಮ ಬೀದಿಯ ಹೆಂಗಸರು ಹಾಡಿದರೂ ಅದು ಅವರದ್ದೇ ಹಾಡು.

ಅಮೆರಿಕದ ಈ ಹಳೇ ಹಾಡುಗಳಿಗೆ ಸ್ಟ್ಯಾಂಡರ್ಡ್ಸ್ ಅನ್ನುತ್ತಾರೆ. ಅವು ಹುಟ್ಟಿದ್ದೇ ಹಾಗೆ. ಬರೆಯುವವರು ಒಬ್ಬರು, ರಾಗ ಹಾಕುವವರು ಒಬ್ಬರು, ಹಾಡುವವರು ಹತ್ತು ಜನ. ನ್ಯೂಯಾರ್ಕಿನಲ್ಲಿ ‘ಟಿನ್ ಪ್ಯಾನ್ ಆಲಿ’ ಅಂತ ಹೆಸರಾಗಿದ್ದ ಜಾಗದಲ್ಲಿ ಹಾಡಿನ ಸ್ವರಪ್ರತಿ ಅಚ್ಚು ಹಾಕಿ ಮಾರುತ್ತಿದ್ದರು. ಜನ ತಂದು ಮನೆಯ ಪಿಯಾನೋ ಮೇಲೆ ನುಡಿಸುತ್ತಿದ್ದರು. ಅದೇ ಹಾಡನ್ನು ಬೇರೆ ಬೇರೆ ಗಾಯಕರು, ಬೇರೆ ಬೇರೆ ಬ್ಯಾಂಡಿನವರು ರೆಕಾರ್ಡ್ ಮಾಡುತ್ತಿದ್ದರು. ಹಾಡುವವನೇ ಬರೆಯಬೇಕು ಅನ್ನುವ ನಿರೀಕ್ಷೆ ಜೋರಾಗಿದ್ದು 1960ರ ದಶಕದಲ್ಲಿ, ಬೀಟಲ್ಸ್, ಬಾಬ್ ಡಿಲನ್ ಬಂದಮೇಲೆ.

ನಮಗೆ ಕನ್ನಡದವರಿಗೆ ಇದು ಹೊಸದೇನೂ ಅಲ್ಲ. ಭಾವಗೀತೆಯಲ್ಲಿ ಕವಿ ಬೇರೆ, ರಾಗ ಸಂಯೋಜಕರು ಬೇರೆ, ಗಾಯಕರು ಬೇರೆ. ಮೈಸೂರು ಅನಂತಸ್ವಾಮಿಯವರ ಸಂಯೋಜನೆಗಳನ್ನು ಎಷ್ಟು ಜನ ಹಾಡಿಲ್ಲ! ಹಾಗಾಗಿ ‘ಇವನದ್ದು ಏನಿದೆ’ ಅನ್ನುವ ಪ್ರಶ್ನೆಗಿಂತ ‘ಇವನು ಇದರಲ್ಲಿ ಏನು ಮಾಡಿದ’ ಅಂತ ಕೇಳಿ ನೋಡಿ.

ಹಳೇ_ರೇಡಿಯೋ:
ಒಳ್ಳೇ ಮಾತು ಹೇಳಿದಿರಿ ಮೇಡಂ. ಸರಿ, ನಿಮ್ಮ ಅಳತೆಗೋಲನ್ನೇ ಹಿಡಿಯೋಣ. ಜೋಶಿಯವರು ಹಾಡಿದಾಗ ಆ ದೇವರನಾಮಕ್ಕೆ ಹೊಸ ನಡಿಗೆ ಬಂತು. ಬೂಬ್ಲೆ ಯಾವ ಹಾಡಿಗೆ ಹೊಸ ನಡಿಗೆ ಕೊಟ್ಟಿದ್ದಾನೆ, ಹೇಳಿ?

ಟೇಪ್‌ರೆಕಾರ್ಡರ್:
ನಾನು ಹೇಳಲಾ ಸರ್? ‘ಕಾಂಟ್ ಬೈ ಮಿ ಲವ್’. ಬೀಟಲ್ಸ್ 1964ರಲ್ಲಿ ಹಾಡಿದ್ದು ಗಿಟಾರ್ ಹಾಡು, ಓಡುತ್ತಾ ಹೋಗುತ್ತದೆ. ಇಲ್ಲಿ ಅದು ಬಿಗ್ ಬ್ಯಾಂಡ್ ಸ್ವಿಂಗ್ ಆಗಿದೆ, ಅಂದರೆ ದೊಡ್ಡ ವಾದ್ಯತಂಡ ನುಡಿಸುವ ಹಳೇ ಜಾಝ್ ನಡಿಗೆ. ಟ್ರಂಪೆಟ್ಟು, ಟ್ರಾಂಬೋನು, ಸ್ಯಾಕ್ಸು ಎಲ್ಲ ಸೇರಿ ಉತ್ತರ ಕೊಡುತ್ತವೆ. ಮೊದಲ ಸಲ ಕೇಳಿದಾಗ ಅದು ಬೀಟಲ್ಸ್ ಹಾಡು ಅಂತ ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. 1964ರ ಹಾಡು ಅದಕ್ಕಿಂತ ಇಪ್ಪತ್ತು ವರ್ಷ ಹಳೇದರ ಹಾಗೆ ಕೇಳುತ್ತದೆ. ಇದು ಸುಮ್ನೆ ಆಗುವ ಕೆಲಸ ಅಲ್ಲ, ಅಲ್ವಾ?

‘ಟ್ರೈ ಎ ಲಿಟಲ್ ಟೆಂಡರ್ನೆಸ್’ ಕೂಡ. ಇದು 1932ರ ಹಾಡು. ಓಟಿಸ್ ರೆಡ್ಡಿಂಗ್ 1966ರಲ್ಲಿ ಹಾಡಿದ್ದು ಮೆಲ್ಲಗೆ ಶುರುವಾಗಿ ಕೊನೆಗೆ ಕೂಗಾಗುತ್ತದೆ. ಆಮೇಲೆ ಬಂದ ಎಷ್ಟೋ ಜನ ಅದೇ ದಾರಿ ಹಿಡಿದರು. ಬೂಬ್ಲೆ ಆ ಕೂಗಿನ ಹತ್ತಿರ ಹೋಗುವುದಿಲ್ಲ. ಹಳೇ ಕಾಲದ ನಿಧಾನಕ್ಕೇ ವಾಪಸ್ ಹೋಗುತ್ತಾನೆ.

ರೆಕಾರ್ಡಿಂಗ್_ಕೋಣೆ:
ನಾನು ಸೌಂಡ್ ಕೆಲಸ ಮಾಡುವವನು. ಎಲ್ಲರೂ ಹಾಡಿನ ಬಗ್ಗೆ ಹೇಳುತ್ತಿದ್ದೀರಿ. ಮೈಕ್ ಬಗ್ಗೆ ಯಾರೂ ಹೇಳಲಿಲ್ಲ. ಕ್ರೂನರ್ ಅನ್ನುವ, ಮೈಕ್ ಹತ್ತಿರ ಮೆತ್ತಗೆ ಹಾಡುವ ಜಾತಿಯ ಗಾಯಕರು ಹುಟ್ಟಿದ್ದೇ ಮೈಕ್‌ನಿಂದ.

1925ಕ್ಕಿಂತ ಮುಂಚೆ ರೆಕಾರ್ಡಿಂಗ್ ಅಂದರೆ ದೊಡ್ಡ ಕೊಂಬಿನ ಬಾಯಿಗೆ ಹಾಡುವುದು. ವಿದ್ಯುತ್ ಇಲ್ಲ, ಆಂಪ್ಲಿಫೈಯರ್ ಇಲ್ಲ. ಗಂಟಲು ಬಿಚ್ಚಿ ಹಾಡಿದರೆ ಮಾತ್ರ ಸೂಜಿ ಅಲುಗಾಡುತ್ತಿತ್ತು. ನಮ್ಮ ಕಂಪನಿ ನಾಟಕದ ನಟರು ಹಿಂದಿನ ಸಾಲಿಗೆ ಕೇಳಿಸಬೇಕು ಅಂತ ಏರುದನಿಯಲ್ಲಿ ಹಾಡುತ್ತಿದ್ದರಲ್ಲ, ಅದೇ ಕಾರಣ. 1925ರಲ್ಲಿ ಮೈಕ್ ಇಟ್ಟು ರೆಕಾರ್ಡ್ ಮಾಡುವುದು ಶುರುವಾಯಿತು. ಆಗ ಬಿಂಗ್ ಕ್ರಾಸ್ಬಿಯಂಥವರಿಗೆ ಒಂದು ವಿಷಯ ಹೊಳೆಯಿತು. ಸಾವಿರ ಜನಕ್ಕೆ ಹಾಡುವುದು ಬೇಡ. ಒಬ್ಬರ ಕಿವಿಯ ಹತ್ತಿರ ಹಾಡಿದರೆ ಸಾಕು.

ಇನ್ನೊಂದು ಗುಟ್ಟು. ಆ ಕಾಲದ ರಿಬ್ಬನ್ ಮೈಕ್‌ಗೆ ಬಾಯಿ ಹತ್ತಿರ ತಂದಷ್ಟೂ ಕೆಳಗಿನ ಸ್ವರ ದಪ್ಪ ಆಗುತ್ತದೆ. ದನಿಗೆ ಒಂದು ಬೆಚ್ಚನೆಯ ತೂಕ ಬರುತ್ತದೆ. ಒಳ್ಳೇ ಕ್ರೂನರ್ ಆದವನು ಮೈಕ್‌ನಿಂದ ಎಷ್ಟು ದೂರ ನಿಲ್ಲಬೇಕು, ಯಾವ ಅಕ್ಷರಕ್ಕೆ ಮುಖ ತಿರುಗಿಸಬೇಕು ಅಂತ ಕಲಿಯುತ್ತಾನೆ. ಮೈಕೂ ಅವನ ವಾದ್ಯವೇ. ನಮ್ಮಲ್ಲಿ ಇದು ಚೆನ್ನಾಗಿ ಗೊತ್ತಿದ್ದವರು ಪಿ.ಬಿ. ಶ್ರೀನಿವಾಸ್. ಪಿ.ಬಿ.ಎಸ್ ಹಾಡಿನಲ್ಲಿ ದನಿ ಎಲ್ಲೂ ಏರುವುದಿಲ್ಲ, ಆದರೂ ಒಂದೊಂದು ಅಕ್ಷರವೂ ನಿಮ್ಮ ಪಕ್ಕದಲ್ಲೇ ಇರುತ್ತದೆ. ಟೇಪ್‌ರೆಕಾರ್ಡರ್ ಮೇಡಂ, ನಿಮ್ಮ ತಂದೆಯವರಿಗೆ ಪಿ.ಬಿ.ಎಸ್ ಇಷ್ಟ ಅಂದಿರಲ್ಲ. ಅವರಿಗೆ ಗೊತ್ತಿಲ್ಲದೇ ಅವರೂ ಈ ಜಾತಿಯ ಗಾಯನದ ಅಭಿಮಾನಿಯೇ.

ಈ ಆಲ್ಬಂನಲ್ಲಿ ‘ಯು ಡೋಂಟ್ ನೋ ಮಿ’ ಹೆಡ್‌ಫೋನ್ ಹಾಕಿ ಕೇಳಿ. ಸಾಲು ಮುಗಿದಮೇಲೆ ಉಸಿರು ಬಿಡುವುದು ಕೇಳಿಸುತ್ತದೆ. ಅದನ್ನು ಬೇಕೆಂದೇ ಉಳಿಸಿದ್ದಾರೆ ಅಂತ ನನ್ನ ನಂಬಿಕೆ. ಹಿಂದೆ ಅಷ್ಟು ದೊಡ್ಡ ತಂತಿವಾದ್ಯಗಳ ಗುಂಪು ಇದ್ದರೂ ಆ ಉಸಿರಿಗೆ ಜಾಗ ಬಿಟ್ಟಿದ್ದಾರೆ.

ಒಂದು ದೂರೂ ಇದೆ. ಗಟ್ಟಿ ಹಾಡುಗಳಲ್ಲಿ ಕಂಪ್ರೆಷನ್ ಜಾಸ್ತಿ ಆಯಿತು. ಮೆಲ್ಲಗಿನದ್ದೂ ಜೋರಿನದ್ದೂ ಒಂದೇ ಎತ್ತರಕ್ಕೆ ಬಂದುಬಿಟ್ಟಿವೆ. ಆ ವರ್ಷಗಳಲ್ಲಿ ಬಂದ ತುಂಬಾ ಸಿಡಿಗಳ ಕಥೆ ಇದೇ. ಸಿನಾಟ್ರಾನ 1956ರ ರೆಕಾರ್ಡಿನಲ್ಲಿ ವಾದ್ಯಗಳು ಮೆಟ್ಟಿಲು ಹತ್ತುವುದು ಕಿವಿಗೆ ಗೊತ್ತಾಗುತ್ತದೆ. ಇಲ್ಲಿ ಮೆಟ್ಟಿಲೇ ಇಲ್ಲ.

ಹಳೇ_ರೇಡಿಯೋ:
ನನಗೆ ಏನೋ ಕೊರತೆ ಅನ್ನಿಸುತ್ತಿತ್ತಲ್ಲ, ಅದು ಇದೇ ಇರಬೇಕು. ಮೆಟ್ಟಿಲು! ಹೆಸರು ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಸರ್. ಉಸಿರಿನ ವಿಷಯಕ್ಕೆ ಒಂದು ಸೇರಿಸುತ್ತೇನೆ. ಸಿನಾಟ್ರಾ 1940ರಿಂದ 42ರವರೆಗೆ ಟಾಮಿ ಡಾರ್ಸಿಯ ಬ್ಯಾಂಡಿನಲ್ಲಿ ಹಾಡುತ್ತಿದ್ದರು. ಡಾರ್ಸಿ ಟ್ರಾಂಬೋನ್ ನುಡಿಸುವವರು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅಂತ ಗೊತ್ತಾಗದ ಹಾಗೆ ಉದ್ದದ ಸಾಲು ನುಡಿಸುತ್ತಿದ್ದರು. ಸಿನಾಟ್ರಾ ಹಿಂದೆ ಕೂತು ಅದನ್ನೇ ನೋಡಿ ಕಲಿತರು. ಕ್ರೂನರ್‌ಗಳ ಗುರುಗಳಲ್ಲಿ ವಾದ್ಯದವರೂ ಇದ್ದಾರೆ.

ಬರ್ನಬಿ_ಕನ್ನಡಿಗ:
ಈ ಚರ್ಚೆ ನೋಡಿ ಸುಮ್ನೆ ಇರಲು ಆಗಲಿಲ್ಲ. ನಾನಿರುವುದು ಕೆನಡಾದ ಬರ್ನಬಿಯಲ್ಲಿ, ವ್ಯಾಂಕೂವರ್ ಪಕ್ಕ. ಬೂಬ್ಲೆ ಹುಟ್ಟಿದ್ದು ಇಲ್ಲೇ, 1975ರ ಸೆಪ್ಟೆಂಬರ್ 9ರಂದು.

ಅವನ ಅಪ್ಪ ಸಾಲ್ಮನ್ ಮೀನುಗಾರ. ಹುಡುಗನಾಗಿದ್ದಾಗ ಬೇಸಿಗೆಯಲ್ಲಿ ಅವನೂ ದೋಣಿಯಲ್ಲಿ ಕೆಲಸ ಮಾಡಿದ್ದಾನೆ. ಹಾಡಿನ ಹುಚ್ಚು ಹಿಡಿಸಿದ್ದು ತಾಯಿಯ ತಂದೆ. ಇಟಲಿಯಿಂದ ಬಂದವರು, ಪ್ಲಂಬರ್. ತಮ್ಮ ಹತ್ತಿರ ಇದ್ದ ಹಳೇ ರೆಕಾರ್ಡುಗಳನ್ನೆಲ್ಲ ಮೊಮ್ಮಗನಿಗೆ ಕೇಳಿಸಿದರು. ಮೊಮ್ಮಗನಿಗೆ ಸ್ಟೇಜ್ ಮೇಲೆ ಅವಕಾಶ ಕೊಡಿಸಲು ವಾದ್ಯಗಾರರಿಗೆ ಪುಕ್ಕಟೆ ಪೈಪ್ ಕೆಲಸ ಮಾಡಿಕೊಡುತ್ತಿದ್ದರು. ಒಂದೆರಡು ಹಾಡು ಹಾಡಲು ಬಿಡಿ, ನಿಮ್ಮ ಮನೆಯ ನಲ್ಲಿ ನಾನು ಸರಿ ಮಾಡಿಕೊಡುತ್ತೇನೆ ಅಂತ. ನನಗೆ ನಮ್ಮಜ್ಜ ನೆನಪಾಗುತ್ತಾರೆ. ನಾನು ಯಕ್ಷಗಾನ ಕಲಿಯಲಿ ಅಂತ ಭಾಗವತರ ಮನೆಗೆ ತಿಂಗಳಿಗೊಂದು ಬಾಳೆಗೊನೆ ಕೊಟ್ಟುಬರುತ್ತಿದ್ದರು.

ಬೂಬ್ಲೆಗೆ ದೊಡ್ಡ ಅವಕಾಶ ಸಿಕ್ಕಿದ್ದು 2000ದಲ್ಲಿ ಒಂದು ಮದುವೆ ಮನೆಯಲ್ಲಿ. ಕೆನಡಾದ ಮಾಜಿ ಪ್ರಧಾನಿ ಬ್ರಯಾನ್ ಮಲ್ರೋನಿಯವರ ಮಗಳ ಮದುವೆ. ಅಲ್ಲಿ ಡೇವಿಡ್ ಫಾಸ್ಟರ್ ಕೇಳಿಸಿಕೊಂಡರು. ಫಾಸ್ಟರ್ ಆಗಲೇ ದೊಡ್ಡ ಸಂಗೀತ ನಿರ್ಮಾಪಕ. 2003ರಲ್ಲಿ ಮೊದಲ ದೊಡ್ಡ ಆಲ್ಬಂ, 2005ರಲ್ಲಿ ಇದು. ಎರಡೂ ಬಂದದ್ದು ರಿಪ್ರೀಸ್ ಲೇಬಲ್‌ನಲ್ಲಿ. ಅದನ್ನು 1960ರಲ್ಲಿ ಶುರು ಮಾಡಿದ್ದು ಬೇರೆ ಯಾರೂ ಅಲ್ಲ, ಸಿನಾಟ್ರಾ ಅವರೇ!

ಫಾಸ್ಟರ್ ಕೂಡ ಇದೇ ಪ್ರಾಂತ್ಯದ ವಿಕ್ಟೋರಿಯಾ ಊರಿನವರು. ‘ಕ್ವಾಂಡೋ’ ಹಾಡಿನಲ್ಲಿ ಜೊತೆಗೆ ಹಾಡಿದ ನೆಲ್ಲಿ ಫುರ್ಟಾಡೋ ಕೂಡ ವಿಕ್ಟೋರಿಯಾದವಳೇ. ಇಟಲಿಯ ಟೋನಿ ರೆನಿಸ್ 1962ರಲ್ಲಿ ಸಾನ್‌ರೆಮೋ ಹಾಡಿನ ಹಬ್ಬದಲ್ಲಿ ಹಾಡಿದ್ದನ್ನು ಇಟಲಿ ಮೂಲದ ಹುಡುಗ, ಪೋರ್ಚುಗಲ್ ಮೂಲದ ಹುಡುಗಿ ಸೇರಿ ಹಾಡಿದ್ದಾರೆ. ವಲಸೆ ಬಂದವರ ಮಕ್ಕಳು, ಮೊಮ್ಮಕ್ಕಳು. ಕನ್ನಡ ಬಿಟ್ಟು ಇಷ್ಟು ದೂರ ಬಂದ ನನಗೆ ಅದೊಂದು ಹಾಡು ಕೇಳಿದಾಗ ಹೇಗೇಗೋ ಆಗುತ್ತದೆ. 2006ರಲ್ಲಿ ಕೆನಡಾದ ಜೂನೋ ಪ್ರಶಸ್ತಿಯಲ್ಲಿ ವರ್ಷದ ಆಲ್ಬಂ ಇದೇ ಆಯಿತು.

ಹಳೇ_ರೇಡಿಯೋ:
ಅಜ್ಜನ ಪ್ಲಂಬಿಂಗ್ ಕಥೆ ಓದಿ ಮನಸ್ಸು ತುಂಬಿತು. ಇದು ನನಗೆ ಗೊತ್ತಿರಲಿಲ್ಲ. ಹುಡುಗ ಈ ಹಾಡುಗಳನ್ನು ಮಾರ್ಕೆಟ್ ನೋಡಿ ಆರಿಸಿಕೊಂಡಿದ್ದಲ್ಲ, ಮನೆಯಿಂದಲೇ ತಂದಿದ್ದು ಅಂತಾಯಿತು. ಆದರೂ ಒಂದು ಹೇಳಲೇಬೇಕು. ಅದೇ ವರ್ಷ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯಲ್ಲಿ ಟ್ರೆಡಿಷನಲ್ ಪಾಪ್ ವಿಭಾಗಕ್ಕೆ ಈ ಆಲ್ಬಂ ಕೂಡ ಸ್ಪರ್ಧೆಯಲ್ಲಿತ್ತು. ಗೆದ್ದಿದ್ದು ಹಿರಿಯ ಗಾಯಕ ಟೋನಿ ಬೆನೆಟ್. ಆಗ ಅವರಿಗೆ ಎಪ್ಪತ್ತೊಂಬತ್ತು ವರ್ಷ. ಇಬ್ಬರನ್ನೂ ಒಂದಾದ ಮೇಲೊಂದು ಕೇಳಿ. ಬೆನೆಟ್ ದನಿಯಲ್ಲಿ ಗೀರು ಬಿದ್ದಿದೆ, ಆ ಗೀರಿನಲ್ಲೇ ಹಾಡು ಇದೆ. ಆಲ್ಬಂ ಬಂದಾಗ ಬೂಬ್ಲೆಗೆ ಇಪ್ಪತ್ತೊಂಬತ್ತು. ಎಲ್ಲವೂ ಇಸ್ತ್ರಿ ಮಾಡಿದ ಹಾಗೆ ನೀಟಾಗಿದೆ.

ಮಳೆಗಾಲ:
ನನ್ನದು ಬೇರೆ ತಕರಾರು. ‘ಫೀಲಿಂಗ್ ಗುಡ್’ ಎಲ್ಲರಿಗೂ ಇಷ್ಟ. ನನಗೂ ಆ ಬ್ರಾಸ್, ಅಂದರೆ ಟ್ರಂಪೆಟ್ಟು, ಟ್ರಾಂಬೋನು ಬಂದಾಗ ಕೂದಲು ನಿಲ್ಲುತ್ತದೆ. ಆದರೆ ಆ ಹಾಡು ಎಲ್ಲಿಂದ ಬಂತು ಅಂತ ನೋಡಬೇಕು.

ಆಂಥನಿ ನ್ಯೂಲಿ, ಲೆಸ್ಲಿ ಬ್ರಿಕಸ್ ಇಬ್ಬರೂ 1964ರಲ್ಲಿ ಒಂದು ರಂಗನಾಟಕಕ್ಕೆ ಬರೆದದ್ದು. ಮೇಲಿನವರು, ಕೆಳಗಿನವರು ಅನ್ನುವ ಆಟ ಆ ನಾಟಕದ ಕಥೆ. ಆಟದ ನಿಯಮ ಯಾವಾಗಲೂ ಮೇಲಿನವರ ಕೈಯಲ್ಲೇ. ಅದರಲ್ಲಿ ಒಬ್ಬ ಕಪ್ಪು ಮನುಷ್ಯ ಬಂದು ಆಟ ಗೆಲ್ಲುತ್ತಾನೆ. ಗೆದ್ದು ಹಾಡುವ ಹಾಡು ಇದು. ಮುಂದಿನ ವರ್ಷ ಅಮೆರಿಕದ ಕಪ್ಪು ಗಾಯಕಿ ನೀನಾ ಸಿಮೋನ್ ಹಾಡಿದರು. 1965, ಅಮೆರಿಕದಲ್ಲಿ ಕಪ್ಪು ಜನ ಮತದಾನದ ಹಕ್ಕಿಗೆ ಬೀದಿಗೆ ಇಳಿದಿದ್ದ ವರ್ಷ. ಸಿಮೋನ್ ಹಾಡುವಾಗ ಮೊದಲು ಬರೀ ದನಿ, ವಾದ್ಯವೇ ಇಲ್ಲ. ಬೆಳಗಾಯಿತು ಅಂತ ಹೇಳುವವರಿಗೆ ರಾತ್ರಿ ಎಷ್ಟು ಉದ್ದ ಇತ್ತು ಅಂತ ನಿಮಗೆ ಗೊತ್ತಾಗುತ್ತದೆ.

ಬೂಬ್ಲೆಯದ್ದು ಪತ್ತೇದಾರಿ ಸಿನಿಮಾದ ಟೈಟಲ್ ಹಾಡಿನ ಥರ ಇದೆ. ಭರ್ಜರಿ. ಆದರೆ ಯಾರಿಂದ ಬಿಡುಗಡೆ, ಯಾಕೆ ಬಿಡುಗಡೆ, ಅದು ಕಾಣೆಯಾಗಿದೆ. ತಂಬೂರಿ ಮೇಡಂ, ದೇವರನಾಮ ಯಾರು ಹಾಡಿದರೂ ಭಕ್ತಿ ಉಳಿಯಬೇಕು ಅಲ್ವಾ? ಇಲ್ಲಿ ಆ ಒಳಗಿನದ್ದು ಉಳಿದಿಲ್ಲ.

ತಂಬೂರಿ_ತಂತಿ:
ನಿಮ್ಮ ಮಾತು ನನ್ನನ್ನು ನಿಲ್ಲಿಸಿತು. ಎರಡೂ ಮತ್ತೆ ಕೇಳಿದೆ. ಒಪ್ಪುತ್ತೇನೆ. ಹಾಡು ಎಲ್ಲರದ್ದೂ ಹೌದು. ಆದರೆ ಒಬ್ಬರು ಅದರೊಳಗೆ ತಮ್ಮ ಬದುಕನ್ನೇ ಇಟ್ಟಮೇಲೆ, ಮುಂದೆ ಹಾಡುವವರಿಗೆ ಅದರ ಭಾರ ಇರುತ್ತದೆ. ಈ ಹಾಡಿನಲ್ಲಿ ಬೂಬ್ಲೆ ಆ ಭಾರ ಹೊತ್ತಿಲ್ಲ.

ಟೇಪ್‌ರೆಕಾರ್ಡರ್:
ಮಳೆಗಾಲ ಅವರೇ, ಇಪ್ಪತ್ತು ವರ್ಷದಿಂದ ಕೇಳಿದ ಹಾಡಿನ ಹಿಂದೆ ಇಷ್ಟಿತ್ತು ಅಂತ ಇವತ್ತು ಗೊತ್ತಾಯಿತು. ನೀನಾ ಸಿಮೋನ್ ಹಾಡಿದ್ದನ್ನು ನಿನ್ನೆ ರಾತ್ರಿ ಕೇಳಿದೆ. ಮುಗಿದಮೇಲೆ ಬೇರೆ ಹಾಡು ಹಾಕಲು ಮನಸ್ಸಾಗಲಿಲ್ಲ.

ನನ್ನ ಕಡೆಯಿಂದ ಒಂದು ಹಾಡಿನ ಕಥೆ. ‘ಸೇವ್ ದ ಲಾಸ್ಟ್ ಡಾನ್ಸ್ ಫಾರ್ ಮಿ’ ಬರೆದವರು ಡಾಕ್ ಪೋಮಸ್, ರಾಗ ಮಾರ್ಟ್ ಶುಮನ್. ಪೋಮಸ್‌ಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿತ್ತು. ಊರುಗೋಲು ಇಲ್ಲದೆ ನಡೆಯಲು ಆಗುತ್ತಿರಲಿಲ್ಲ. ಹೆಂಡತಿ ರಂಗನಟಿ. ಮದುವೆಯ ದಿನ ಅವರು ಬಂದವರ ಜೊತೆ ಕುಣಿಯುತ್ತಿದ್ದರೆ ಪೋಮಸ್ ಕೂತು ನೋಡುತ್ತಿದ್ದರು. ಆಮೇಲೆ ಆ ನೆನಪಿನಲ್ಲಿ ಬರೆದ ಹಾಡು ಇದು, ಅದೂ ತಮ್ಮದೇ ಮದುವೆಯ ಕರೆಯೋಲೆಯ ಹಿಂದೆ. ಯಾರ ಜೊತೆ ಬೇಕಾದರೂ ಕುಣಿ, ಕೊನೆಗೆ ನನ್ನ ಹತ್ತಿರ ಬಾ ಅನ್ನುವುದು ಅದರ ಭಾವ. 1960ರಲ್ಲಿ ಡ್ರಿಫ್ಟರ್ಸ್ ಅನ್ನುವ ತಂಡ ಹಾಡಿತು, ಬೆನ್ ಇ. ಕಿಂಗ್ ದನಿ. ಬೂಬ್ಲೆ ಹಾಡುವಾಗ ಇದರಲ್ಲಿ ಲ್ಯಾಟಿನ್ ತಾಳ ಇದೆ, ಕುಣಿಸುತ್ತದೆ. ಕಥೆ ಗೊತ್ತಾದ ಮೇಲೆ ನಾನು ಕುಣಿತದ ಹಿಂದೆ ಕೂತವರನ್ನೂ ನೋಡುತ್ತೇನೆ.

ಅಣ್ಣಾವ್ರ_ಅಭಿಮಾನಿ:
ಕನ್ನಡದಲ್ಲಿ ಈ ಶೈಲಿ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ‘ಇಫ್ ಯು ಕಮ್ ಟುಡೇ’ ಇದೆಯಲ್ಲ. ಜಿ.ಕೆ. ವೆಂಕಟೇಶ್ ಸಂಗೀತ, ಹಾಡಿದ್ದು ಅಣ್ಣಾವ್ರು, ಅದೂ ಇಂಗ್ಲಿಷಿನಲ್ಲಿ. ಇವತ್ತಿನ ಮಕ್ಕಳು ಅದನ್ನು ಮೊಬೈಲಿನಲ್ಲಿ ತಮಾಷೆಗೆ ಹಾಕುತ್ತಾರೆ. ನನಗೆ ಅದು ಬೇಸರ. ಕಣ್ಣು ಮುಚ್ಚಿ ಕೇಳಿ. ನಾಟಕದ ರಂಗದಲ್ಲಿ ಬೆಳೆದ ಗಂಟಲು ಎಷ್ಟು ಸಲೀಸಾಗಿ ತಗ್ಗಿದೆ, ಹೇಗೆ ಮೈಕ್ ಹತ್ತಿರ ಮೆತ್ತಗೆ ನಿಂತಿದೆ ಅಂತ ಗೊತ್ತಾಗುತ್ತದೆ.

ಹಳೇ_ರೇಡಿಯೋ:
ಸರಿಯಾಗಿ ಹೇಳಿದಿರಿ. 1950ರ ದಶಕದ ಹಿಂದಿ ಹಾಡುಗಳಲ್ಲೂ ಸ್ವಿಂಗ್ ಇದೆ. ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಹಾಡುಗಳಲ್ಲಿ ಟ್ರಂಪೆಟ್ ನುಡಿಸುತ್ತಿದ್ದ ಚಿಕ್ ಚಾಕಲೇಟ್ ಗೋವಾದವರು. ರಾತ್ರಿ ಹೋಟೆಲಿನಲ್ಲಿ ಜಾಝ್, ಹಗಲು ಸಿನಿಮಾ ರೆಕಾರ್ಡಿಂಗ್. ನಮ್ಮ ಕಿವಿಗೆ ಈ ನಡಿಗೆ ಆಗಲೇ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೇ.

ಕರಾವಳಿ_ಸ್ಯಾಕ್ಸ್:
ನಮಸ್ಕಾರ. ನಾನು ಪುತ್ತೂರು ಕಡೆಯವ. ಮದುವೆ, ದೇವಸ್ಥಾನದ ಕಾರ್ಯಕ್ರಮಗಳಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತೇನೆ. ನಮ್ಮ ಕಡೆ ಕದ್ರಿ ಗೋಪಾಲನಾಥರಿಂದಾಗಿ ಊರೂರಲ್ಲಿ ಸ್ಯಾಕ್ಸ್ ಉಂಟು. ಅವರು ಹುಡುಗನಾಗಿದ್ದಾಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸ್ ನೋಡಿ ಮನಸೋತದ್ದಂತೆ. ನಾವು ಕಲಿತದ್ದೆಲ್ಲ ಕೀರ್ತನೆ, ದೇವರನಾಮ.

ಮುಂದಿನ ತಿಂಗಳು ಒಂದು ರಿಸೆಪ್ಷನ್ ಉಂಟು. ಹುಡುಗ ಹೊರದೇಶದಲ್ಲಿ ಇರುವವ, ಒಂದು ಇಂಗ್ಲಿಷ್ ಹಾಡು ಬೇಕು ಅಂದಿದ್ದಾನೆ. ಈ ಚರ್ಚೆ ಓದಿ ಆಲ್ಬಂ ಕೇಳಿದೆ. ‘ದ ಮೋರ್ ಐ ಸೀ ಯು’ ಮನಸ್ಸಿಗೆ ಹಿಡಿಸಿತು. ಸ್ವರ ಎಲ್ಲ ಸಿಕ್ಕಿತು. ಆದರೆ ನಾನು ನುಡಿಸಿದರೆ ಮಾರ್ಚಿಂಗ್ ಬ್ಯಾಂಡಿನ ಹಾಗೆ ಕೇಳುತ್ತದೆ ಮಾರಾಯ್ರೇ. ಸ್ವರ ಸರಿ ಉಂಟು, ನಡೆ ಸರಿ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಹಳೇ_ರೇಡಿಯೋ:
ಒಳ್ಳೇ ಆಯ್ಕೆ ತಮ್ಮಾ. 1945ರ ಹಾಡು, ಹ್ಯಾರಿ ವಾರೆನ್ ಅವರ ರಾಗ, ಮ್ಯಾಕ್ ಗಾರ್ಡನ್ ಅವರ ಸಾಹಿತ್ಯ. ನೋಡಿದಷ್ಟೂ ಇನ್ನೂ ಬೇಕು ಅನ್ನಿಸುತ್ತೀಯ ಅನ್ನುವ ಹಾಡು. ಮದುವೆ ಮನೆಗೆ ಹೇಳಿ ಮಾಡಿಸಿದ ಹಾಗಿದೆ.

ತಂಬೂರಿ_ತಂತಿ:
ತಮ್ಮಾ, ನಿಮಗೆ ಇದನ್ನು ನಮ್ಮ ಲೆಕ್ಕದಲ್ಲೇ ಹೇಳುತ್ತೇನೆ. ನೀವು ಒಂದು ಅಕ್ಷರವನ್ನು ಎರಡು ಸಮ ಭಾಗ ಮಾಡುತ್ತಿದ್ದೀರಿ. ತಕ ತಕ ತಕ ತಕ. ಸ್ವಿಂಗ್‌ನಲ್ಲಿ ಹಾಗಿಲ್ಲ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ.

ತಿಶ್ರ ನಡೆ, ಅಂದರೆ ಮೂರರ ನಡೆ, ಮನಸ್ಸಲ್ಲಿ ಇಟ್ಟುಕೊಳ್ಳಿ. ತಕಿಟ ತಕಿಟ ತಕಿಟ ತಕಿಟ. ಈಗ ನಡುವಿನ ‘ಕಿ’ ನುಡಿಸಬೇಡಿ, ‘ತ’ವನ್ನೇ ಅದರ ಮೇಲೆ ಎಳೆಯಿರಿ. ತಾ-ಟ ತಾ-ಟ ತಾ-ಟ ತಾ-ಟ. ಇದೇ ಸ್ವಿಂಗ್. ವೇಗ ಜಾಸ್ತಿ ಆದಷ್ಟೂ ಇದು ಸಮಕ್ಕೆ ಹತ್ತಿರ ಬರುತ್ತದೆ, ಆದರೆ ನಿಮ್ಮ ಹಾಡು ಮಧ್ಯಮ ವೇಗದ್ದು, ತಿಶ್ರ ಚೆನ್ನಾಗಿ ಕೂರುತ್ತದೆ.

ಇನ್ನೊಂದು. ನಾವು ನಾಲ್ಕು ಎಣಿಸಿದರೆ ಕೈ ತಾನಾಗೇ ಒಂದು ಮತ್ತು ಮೂರಕ್ಕೆ ಬೀಳುತ್ತದೆ. ಅವರದ್ದು ಎರಡು ಮತ್ತು ನಾಲ್ಕಕ್ಕೆ. ಬೂಬ್ಲೆ ಚಿಟಿಕೆ ಹಾಕುವುದನ್ನು ವಿಡಿಯೋದಲ್ಲಿ ನೋಡಿ. ಒಂದು ವಾರ ಬರೀ ಎರಡು, ನಾಲ್ಕಕ್ಕೆ ಚಿಟಿಕೆ ಹಾಕುತ್ತಾ ಬಾಯಲ್ಲಿ ಹಾಡಿಕೊಳ್ಳಿ. ಆಮೇಲೆ ಸ್ಯಾಕ್ಸ್ ತೆಗೆಯಿರಿ.

ಕೊನೆಯದು, ಬೂಬ್ಲೆಯ ಬಗ್ಗೆ ನನಗೆ ನಿಜವಾಗಿ ಇಷ್ಟವಾದದ್ದು. ತಾಳ ಒಂದು ಕಡೆ ಹೋಗುತ್ತಿರುತ್ತದೆ, ಅವನು ಒಂದು ಕೂದಲೆಳೆ ಹಿಂದೆ ಮಾತು ಎತ್ತಿಕೊಳ್ಳುತ್ತಾನೆ. ಅವಸರ ಇಲ್ಲ. ಎತ್ತುಗಡೆ ತಡವಾಯಿತು ಅನ್ನುವಷ್ಟರಲ್ಲಿ ಸಾಲಿನ ಕೊನೆಗೆ ಸರಿಯಾಗಿ ಬಂದು ಸೇರುತ್ತಾನೆ. ‘ಎ ಫಾಗಿ ಡೇ’ ಕೇಳಿ, ತುಂಬಾ ಚೆನ್ನಾಗಿ ಗೊತ್ತಾಗುತ್ತದೆ. ಗೆರ್ಶ್ವಿನ್ ಸಹೋದರರ ಹಾಡು ಅದು, 1937ರದ್ದು. ರಾಗ ಹಾಕಿದ ಜಾರ್ಜ್ ಆ ಜುಲೈನಲ್ಲಿ ತೀರಿಕೊಂಡರು, ಸಿನಿಮಾ ತೆರೆಗೆ ಬಂದದ್ದು ನವೆಂಬರಿನಲ್ಲಿ. ತೆರೆಯ ಮೇಲೆ ಫ್ರೆಡ್ ಅಸ್ಟೇರ್ ಹಾಡಿದ್ದನ್ನು ಅವರು ನೋಡಲೇ ಇಲ್ಲ.

ಹೊಸ_ಕೇಳುಗ:
ಇಷ್ಟೆಲ್ಲ ಓದಿದೆ. ಜಾಝ್ ಏನೂ ಗೊತ್ತಿಲ್ಲ. ಮೊದಲು ಯಾವ ಹಾಡು ಕೇಳಲಿ?

ಬರ್ನಬಿ_ಕನ್ನಡಿಗ:
‘ಹೋಮ್’. ಅದು ಸ್ಟ್ಯಾಂಡರ್ಡ್ ಅಲ್ಲ, ಸ್ವಿಂಗೂ ಅಲ್ಲ. ಊರು ಬಿಟ್ಟು ಇರುವವರಿಗೆ ಅದಕ್ಕಿಂತ ಬೇರೆ ಬೇಕಿಲ್ಲ. ಮೂರು ವರ್ಷ ಆದಮೇಲೆ ಬ್ಲೇಕ್ ಶೆಲ್ಟನ್ ಅದನ್ನು ಕಂಟ್ರಿ ಶೈಲಿಯಲ್ಲಿ ಹಾಡಿ ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ತಂದ. ಹದಿಮೂರರಲ್ಲಿ ಒಂದೇ ಒಂದು ಸ್ವಂತ ಹಾಡು, ಅದನ್ನೂ ಇನ್ನೊಬ್ಬ ಎತ್ತಿಕೊಂಡು ಹಾಡಿದ.

ಟೇಪ್‌ರೆಕಾರ್ಡರ್:
ಈ ಮಾತನ್ನು ಅಪ್ಪನಿಗೆ ಹೇಳಿದೆ. ರೆಕಾರ್ಡಿಂಗ್_ಕೋಣೆ ಸರ್ ಬರೆದ ಪಿ.ಬಿ.ಎಸ್ ಮಾತನ್ನೂ ಓದಿ ಹೇಳಿದೆ. ಹೆಡ್‌ಫೋನ್ ಕೊಟ್ಟು ‘ಯು ಡೋಂಟ್ ನೋ ಮಿ’ ಹಾಕಿದೆ. ಪೂರ್ತಿ ಕೇಳಿದರು. “ಈ ಹುಡುಗನಿಗೆ ಅವಸರ ಇಲ್ಲ” ಅಂದರು. ಅಷ್ಟೇ ಅಂದಿದ್ದು. ಆರ್ಕೆಸ್ಟ್ರಾ ಮಾತು ಮತ್ತೆ ತೆಗೆಯಲಿಲ್ಲ.

ಕರಾವಳಿ_ಸ್ಯಾಕ್ಸ್:
ರಿಸೆಪ್ಷನ್ ಮುಗಿಯಿತು, ಹೇಳದೆ ಇದ್ದರೆ ಸರಿಯಲ್ಲ ಅಂತ ಬರೆಯುತ್ತಿದ್ದೇನೆ. ತಂಬೂರಿ ಅಕ್ಕ ಹೇಳಿದ ಹಾಗೆ ಒಂದು ವಾರ ಚಿಟಿಕೆ ಹಾಕಿದೆ. ರಿದಮ್ ಪ್ಯಾಡ್ ನುಡಿಸುವ ಹುಡುಗ ಮೃದಂಗ ಕಲಿತವ. ಅವನಿಗೆ ಸ್ವಿಂಗ್ ಅಂದರೆ ಗೊತ್ತಾಗಲಿಲ್ಲ, ತಿಶ್ರ ಅಂದೆ, ‘ಕಿ’ ಬಿಡು ಅಂದೆ. ಎರಡೇ ನಿಮಿಷದಲ್ಲಿ ಹಿಡಿದುಬಿಟ್ಟ.

ಮೊದಲ ಸಲ ಸಾಲು ಹಾಗೆಯೇ ನುಡಿಸಿದೆ. ಎರಡನೇ ಸಲ ಸ್ವಲ್ಪ ಹಿಂದೆ ಹಿಡಿದೆ. ಹೆದರಿಕೆ ಆಯಿತು, ಆದರೆ ಕೊನೆಗೆ ಸರಿಯಾಗಿ ಬಂದು ಸೇರಿತು. ಮುಗಿದಮೇಲೆ ಮದುಮಗಳ ಅಜ್ಜ ಕೋಲು ಊರಿಕೊಂಡು ಸ್ಟೇಜ್ ಹತ್ತಿರ ಬಂದರು. ಇದು ಯಾವ ರಾಗ ಅಂತ ಕೇಳಿದರು.

ತಂಬೂರಿ_ತಂತಿ:
ನೀವು ಏನಂದಿರಿ?

ಕರಾವಳಿ_ಸ್ಯಾಕ್ಸ್:
ರಾಗ ಅಂತ ಹೆಸರಿಲ್ಲ ಅಜ್ಜಾ, ಹಳೇ ಇಂಗ್ಲಿಷ್ ಹಾಡು, 1945ರದ್ದು ಅಂದೆ. “ನಾನೂ ಅದೇ ವರ್ಷದವ, ಇನ್ನೊಂದು ಸಲ ನುಡಿಸು” ಅಂದರು. ನುಡಿಸಿದೆ.

ಟೇಪ್‌ರೆಕಾರ್ಡರ್:
ಅಪ್ಪನಿಗೆ ಓದಿ ಹೇಳಿದೆ. ಯಾರಾದರೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದರೆ ಹಾಕಲು ಹೇಳು ಅಂತಿದ್ದಾರೆ.